ಬೆಂಗಾಜಿ ಗಲಾಟೆ ನಿಜವಾಗಿ ಏನು? ಗೊತ್ತಿರುವವರು ಬಿಡಿಸಿ ಹೇಳಿ

ಗಾಂಧಿಬಜಾರ್ ಕಾಫಿ:

ಮೊನ್ನೆ ಭಾನುವಾರ ಭಾವನ ಜೊತೆ ವಿಡಿಯೋ ಕಾಲ್‌ನಲ್ಲಿದ್ದೆ. ಅವರು ಟೆಕ್ಸಾಸ್‌ನಲ್ಲಿ ಇರುವವರು. ಮಾತಿಗೆ ಮಾತು ಬಂದು, ಒಬಾಮಾ ಕಾಲದಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಹಿಲರಿ ಕ್ಲಿಂಟನ್ ಹೆಸರು ಬಂತು. ತಕ್ಷಣ ಭಾವ "ಬೆಂಗಾಜಿ" ಅಂದರು. ಅಷ್ಟೇ, ಒಂದೇ ಪದ. ಹಿಂದೆ ಕೂತಿದ್ದ ಅವರ ಮಗಳು ಹಣೆ ಚಚ್ಚಿಕೊಂಡಳು. ಅದು ಊರಿನ ಹೆಸರಾ, ಬೈಗುಳವಾ ಅಂತಲೇ ನನಗೆ ತಿಳಿಯಲಿಲ್ಲ.

ಆಮೇಲೆ ಎರಡು ದಿನ ಕೂತು ಓದಿದೆ. ನನಗೆ ಅರ್ಥವಾದಷ್ಟು ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ.

2012ರ ಸೆಪ್ಟೆಂಬರ್ 11. ಲಿಬಿಯಾದ ಬೆಂಗಾಜಿಯಲ್ಲಿ ಅಮೆರಿಕದ ಒಂದು ಕಚೇರಿ. ರಾತ್ರಿ 9:40ರ ಸುಮಾರಿಗೆ ಬಂದೂಕು ಹಿಡಿದವರು ಗೇಟ್ ನುಗ್ಗಿದರು. ರಾಯಭಾರಿ ಕ್ರಿಸ್ ಸ್ಟೀವನ್ಸ್ ಮತ್ತು ಸಂಪರ್ಕ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಶಾನ್ ಸ್ಮಿತ್ ಮನೆಯ ಒಳಗಿನ ಭದ್ರ ಕೋಣೆಗೆ ಹೋದರು. ಜೊತೆಗೆ ಒಬ್ಬ ಭದ್ರತಾ ಅಧಿಕಾರಿ ಇದ್ದ. ಕಬ್ಬಿಣದ ಜಾಲರಿ ಬಾಗಿಲು ಒಡೆಯಲು ಆಗಲಿಲ್ಲ. ಹಾಗಾಗಿ ಬಂದವರು ಅಲ್ಲೇ ಸಿಕ್ಕ ಡೀಸೆಲ್ ಸುರಿದು ಬೆಂಕಿ ಹಚ್ಚಿದರು. ಹೊಗೆಗೆ ಇಬ್ಬರೂ ಸತ್ತರು. ಸುಮಾರು ಒಂದು ಮೈಲಿ ದೂರದಲ್ಲಿ ಸಿಐಎ ನೆಲೆ ಇತ್ತು. ಬೆಳಗಿನ ಜಾವ ಅದರ ಮೇಲೂ ಮಾರ್ಟರ್ ಶೆಲ್ ಬಿದ್ದವು. ಅಲ್ಲಿ ಟೈರೋನ್ ವುಡ್ಸ್, ಗ್ಲೆನ್ ಡೊಹರ್ಟಿ ಸತ್ತರು. ಒಟ್ಟು ನಾಲ್ಕು ಜನ.

ಇಷ್ಟು ಸರಿ. ಆದರೆ ಇದರ ಮೇಲೆ ನಾಲ್ಕು ವರ್ಷ ಜಗಳ ನಡೆಯಿತಂತೆ. ಏಳೆಂಟು ತನಿಖೆಗಳಂತೆ. ಯಾಕೆ? ಜಗಳ ಇದ್ದದ್ದು ಯಾವ ವಿಷಯಕ್ಕೆ?

ಪೊಟೊಮ್ಯಾಕ್ ದಂಡೆ:

ನಾನು ವರ್ಜೀನಿಯಾದಲ್ಲಿದ್ದೇನೆ. ಆಗ ಟಿವಿ ಹಾಕಿದರೆ ಅದೇ. ಸುಮ್ನೆ ಹೇಳುತ್ತಿಲ್ಲ, ಊಟಕ್ಕೆ ಕೂತರೆ ಬೆಂಗಾಜಿ, ಎದ್ದರೆ ಬೆಂಗಾಜಿ.

ಜಗಳ ಶುರುವಾಗಿದ್ದು ಐದನೇ ದಿನಕ್ಕೆ. ಸೆಪ್ಟೆಂಬರ್ 16, ಭಾನುವಾರ. ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಸುಸಾನ್ ರೈಸ್ ಒಂದೇ ಬೆಳಗ್ಗೆ ಐದು ಟಿವಿ ಕಾರ್ಯಕ್ರಮಗಳಿಗೆ ಬಂದರು. ಪ್ರವಾದಿಯನ್ನು ಹೀಗಳೆಯುವ ಒಂದು ಕಳಪೆ ವಿಡಿಯೋ ಇಂಟರ್ನೆಟ್‌ನಲ್ಲಿತ್ತು. ಅದೇ 11ರಂದು ಕೈರೋದ ಅಮೆರಿಕನ್ ರಾಯಭಾರ ಕಚೇರಿ ಮುಂದೆ ಅದರ ವಿರುದ್ಧ ಪ್ರತಿಭಟನೆ ಆಗಿತ್ತು. ಬೆಂಗಾಜಿಯದ್ದೂ ಹಾಗೇ ಶುರುವಾಗಿ, ಆಮೇಲೆ ಆಯುಧ ಇದ್ದವರು ಬಂದು ಸೇರಿಕೊಂಡರು ಅಂತ ರೈಸ್ ಹೇಳಿದರು. ಈಗಿರುವ ಮಾಹಿತಿ ಪ್ರಕಾರ ಅಂತ ಸೇರಿಸಿದ್ದರು, ಅದು ನಿಜ.

ಆದರೆ ಬೆಂಗಾಜಿಯ ಗೇಟ್ ಮುಂದೆ ಪ್ರತಿಭಟನೆಯೇ ಇರಲಿಲ್ಲ. ಆ ಹೊತ್ತಿಗೆ ಚುನಾವಣೆಗೆ ಏಳು ವಾರ ಇತ್ತು. ಬಿನ್ ಲಾಡೆನ್ ಸತ್ತ, ಅಲ್ ಖೈದಾ ಸೋತಿತು ಅಂತ ಒಬಾಮಾ ಪ್ರಚಾರ ಮಾಡುತ್ತಿದ್ದರು. ಸೆಪ್ಟೆಂಬರ್ 11ರಂದೇ ರಾಯಭಾರಿ ಸತ್ತರೆ ಆ ಮಾತು ಏನಾಗಬೇಕು? ಅದಕ್ಕೇ ವಿಡಿಯೋ ಕಥೆ ಕಟ್ಟಿದರು ಅಂತ ರಿಪಬ್ಲಿಕನ್ನರು ಹೇಳಿದರು. ನನಗೆ ಆಗ ಅದು ಸರಿ ಅನ್ನಿಸಿತ್ತು. ಈಗಲೂ ಅರ್ಧ ಸರಿ ಅನ್ನಿಸುತ್ತದೆ.

ಇನ್ನೊಂದು. ಆ ರಾತ್ರಿಯೇ ಕ್ಲಿಂಟನ್ ತಮ್ಮ ಮಗಳಿಗೆ ಇಮೇಲ್ ಮಾಡಿದ್ದರು. ಅಲ್ ಖೈದಾ ತರಹದ ಗುಂಪು ನಮ್ಮ ಇಬ್ಬರು ಅಧಿಕಾರಿಗಳನ್ನು ಕೊಂದಿದೆ ಅಂತ. ಜನಕ್ಕೆ ಕೊಟ್ಟ ಹೇಳಿಕೆಯಲ್ಲಿ ಮಾತ್ರ ವಿಡಿಯೋ ಪ್ರಸ್ತಾಪ. ಈ ಇಮೇಲ್ ಹೊರಬಂದದ್ದು 2015ರಲ್ಲಿ. ಮಗಳಿಗೆ ಒಂದು, ಊರಿಗೆ ಒಂದು. ಜನ ಸಿಟ್ಟಾಗುವುದಿಲ್ವಾ?

ಬೆಣ್ಣೆ ದೋಸೆ:

ಪೊಟೊಮ್ಯಾಕ್ ಸರ್, ಅರ್ಧ ಕಥೆ ಹೇಳಿ ನಿಲ್ಲಿಸಿಬಿಟ್ಟಿರಿ. ರೈಸ್ ಅವರ ಕೈಗೆ ಕೊಟ್ಟ ಟಿಪ್ಪಣಿ ಸಿಐಎದಲ್ಲಿ ತಯಾರಾಗಿದ್ದು. ಕೈರೋ ಪ್ರತಿಭಟನೆಯಿಂದ ಪ್ರೇರಣೆ ಪಡೆದು ತಕ್ಷಣಕ್ಕೆ ಆದದ್ದು ಅನ್ನುವ ಸಾಲು ಸಿಐಎ ಬರೆದ ಮೊದಲ ಕರಡಿನಲ್ಲೇ ಇತ್ತು. ಶ್ವೇತಭವನ ತುರುಕಿದ್ದಲ್ಲ. 2013ರ ಮೇ ತಿಂಗಳಲ್ಲಿ ನೂರು ಪುಟ ಇಮೇಲ್ ಬಿಡುಗಡೆ ಮಾಡಿದರು. ಅದರಲ್ಲಿ ಇದೆಲ್ಲಾ ಇದೆ.

ಪೊಟೊಮ್ಯಾಕ್ ದಂಡೆ:

ಅದೇ ಇಮೇಲ್‌ಗಳಲ್ಲಿ ಇನ್ನೊಂದೂ ಇದೆ. ಕರಡಿನಲ್ಲಿ ಅನ್ಸಾರ್ ಅಲ್ ಶರಿಯಾ ಅನ್ನುವ ಅಲ್ಲಿನ ಉಗ್ರರ ಗುಂಪಿನ ಹೆಸರಿತ್ತು. ಹಿಂದೆ ಕೊಟ್ಟ ಎಚ್ಚರಿಕೆಗಳ ಮಾತೂ ಇತ್ತು. ಇದನ್ನು ಹಿಡಿದು ಸಂಸದರು ನಮ್ಮ ಇಲಾಖೆಗೆ ಬಾರಿಸುತ್ತಾರೆ ಅಂತ ವಿದೇಶಾಂಗ ಇಲಾಖೆಯ ವಕ್ತಾರೆ ವಿಕ್ಟೋರಿಯಾ ನೂಲೆಂಡ್ ತಕರಾರು ತೆಗೆದರು. ಕೊನೆಯ ಪ್ರತಿಯಲ್ಲಿ ಎರಡೂ ಇಲ್ಲ. ತಿದ್ದಿ ತಿದ್ದಿ ಹನ್ನೆರಡು ಪ್ರತಿ ಆದವು. ಸತ್ತವರ ಮನೆಯಲ್ಲಿ ಇನ್ನೂ ಅಳು ನಿಂತಿಲ್ಲ. ಇವರಿಗೆ ಇಲಾಖೆಯ ಮರ್ಯಾದೆ ಚಿಂತೆ.

ಬೆಣ್ಣೆ ದೋಸೆ:

ಅದು ಒಪ್ಪಿದೆ. ಆದರೆ ಅದು ಇಲಾಖೆ ತನ್ನ ಚರ್ಮ ಉಳಿಸಿಕೊಳ್ಳಲು ಮಾಡಿದ ಕೆಲಸ. ದೊಡ್ಡ ಪಿತೂರಿ ಅಲ್ಲ. ಎರಡಕ್ಕೂ ವ್ಯತ್ಯಾಸ ಇದೆ. ವಿಡಿಯೋ ಸಿಟ್ಟು ಪೂರ್ತಿ ಸುಳ್ಳೂ ಅಲ್ಲ. ನ್ಯೂಯಾರ್ಕ್ ಟೈಮ್ಸ್ 2013ರ ಕೊನೆಗೆ ಬೆಂಗಾಜಿಯಲ್ಲೇ ಜನರನ್ನು ಮಾತಾಡಿಸಿ ಬರೆಯಿತು. ದಾಳಿ ಮಾಡಿದವರಲ್ಲಿ ಕೆಲವರಿಗೆ ಆ ಸಿಟ್ಟೂ ಇತ್ತು ಅಂತ. ಎರಡೂ ಒಟ್ಟಿಗೆ ನಿಜ ಇರಬಾರದಾ?

ಈ ಪದದ ಜಗಳ ಎಲ್ಲಿಗೆ ಮುಟ್ಟಿತು ಅಂದರೆ, 2012ರ ಅಕ್ಟೋಬರ್ 16ರ ಚುನಾವಣಾ ಚರ್ಚೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ರಾಮ್ನಿ ಮತ್ತು ಒಬಾಮಾ ನಿಂತುಕೊಂಡು, ದಾಳಿಯ ಮಾರನೇ ದಿನ ಒಬಾಮಾ ಭಯೋತ್ಪಾದನೆ ಅನ್ನುವ ಪದ ಬಳಸಿದ್ದರಾ ಇಲ್ವಾ ಅಂತ ವಾದ ಮಾಡಿದರು. ಬಳಸಿದ್ದರು ಅಂತ ನಿರೂಪಕಿಯೇ ಹೇಳಬೇಕಾಯಿತು. ಅದಕ್ಕೆ ಮತ್ತೆ ಒಂದು ವಾರ ಗಲಾಟೆ, ನಿರೂಪಕಿ ಯಾಕೆ ಬಾಯಿ ಹಾಕಿದರು ಅಂತ.

ಹಳೇ ಬಸ್‌ಸ್ಟ್ಯಾಂಡ್:

ಇಷ್ಟುದ್ದ ಯಾರು ಓದುತ್ತಾರೆ ಸ್ವಾಮಿ. ಎರಡು ಸಾಲಿನಲ್ಲಿ ತಪ್ಪು ಯಾರದ್ದು ಹೇಳಿ.

ನಿವೃತ್ತ ಕಡತ:

ಎರಡು ಸಾಲಿಗೆ ಬರುವುದಿಲ್ಲ. ಚಹಾ ಮಾಡಿಕೊಂಡು ಬಂದು ಕೂತುಕೊಳ್ಳಿ.

ನಾನು ರಾಜ್ಯ ಸರ್ಕಾರದ ಕಚೇರಿಯಲ್ಲಿ 31 ವರ್ಷ ಕಡತ ನೋಡಿ ನಿವೃತ್ತನಾದವನು. ಅಮೆರಿಕದ ರಾಜಕೀಯ ನನಗೆ ಅಷ್ಟಕ್ಕಷ್ಟೆ. ಆದರೆ ಈ ಪ್ರಕರಣದ ತನಿಖಾ ವರದಿ ಓದಿದಾಗ ನಮ್ಮ ಕಚೇರಿಯೇ ಕಣ್ಣ ಮುಂದೆ ಬಂತು.

ಮೇಲೆ ಎಲ್ಲರೂ ದಾಳಿ ಆದ ಮೇಲೆ ಯಾರು ಏನು ಹೇಳಿದರು ಅಂತ ಜಗಳ ಆಡುತ್ತಿದ್ದೀರಿ. ನನಗೆ ಬೇಕಿರುವುದು ಮುಂಚಿನದ್ದು. ಆ ಕಚೇರಿ ಏನಾಗಿತ್ತು? ರಾಯಭಾರ ಕಚೇರಿ ಅಲ್ಲ, ಅದು ಟ್ರಿಪೋಲಿಯಲ್ಲಿ. ಕಾನ್ಸುಲೇಟ್ ಅಂತ ಪತ್ರಿಕೆಗಳು ಬರೆದವು, ಅದೂ ಅಲ್ಲ. ಅದರ ಹೆಸರು ವಿಶೇಷ ಮಿಷನ್. ಬಾಡಿಗೆಗೆ ಹಿಡಿದ ಕೆಲವು ಬಂಗಲೆಗಳು, ಸುತ್ತ ಗೋಡೆ. 2011ರಲ್ಲಿ ಗಡಾಫಿ ವಿರುದ್ಧ ದಂಗೆ ನಡೆಯುತ್ತಿದ್ದಾಗ ಸ್ಟೀವನ್ಸ್ ಒಂದು ಗ್ರೀಕ್ ಸರಕು ಹಡಗಿನಲ್ಲಿ ಬೆಂಗಾಜಿಗೆ ಬಂದಿಳಿದರು. ದಂಗೆಕೋರರ ಜೊತೆ ಮಾತಾಡಲು. ಆಗ ಶುರುವಾದ ತಾತ್ಕಾಲಿಕ ವ್ಯವಸ್ಥೆ ಅದು. ಗಡಾಫಿ ಸತ್ತ ಮೇಲೂ ಮುಂದುವರಿಯಿತು. 2011ರ ಡಿಸೆಂಬರ್‌ನಲ್ಲಿ ಇಲಾಖೆಯ ಹಿರಿಯ ಅಧಿಕಾರಿ ಪ್ಯಾಟ್ರಿಕ್ ಕೆನೆಡಿ ಇನ್ನೊಂದು ವರ್ಷಕ್ಕೆ ವಿಸ್ತರಣೆ ಸಹಿ ಹಾಕಿದರು.

ಈ "ತಾತ್ಕಾಲಿಕ" ಅನ್ನುವ ಪದ ಇದೆಯಲ್ಲ, ಇಡೀ ರೋಗ ಅಲ್ಲಿದೆ. ಖಾಯಂ ಕಚೇರಿಯಾದರೆ ಗೋಡೆ ಎಷ್ಟು ಎತ್ತರ, ಬಾಗಿಲು ಎಷ್ಟು ದಪ್ಪ, ಹೊಗೆ ಬಂದರೆ ಏನು, ಎಲ್ಲಕ್ಕೂ ನಿಯಮ ಇರುತ್ತದೆ. ಪಾಲಿಸದಿದ್ದರೆ ಕೇಳುವವರಿರುತ್ತಾರೆ. ತಾತ್ಕಾಲಿಕ ಅಂದರೆ ಯಾವ ಪಟ್ಟಿಯಲ್ಲೂ ಇಲ್ಲ. ಅನುದಾನ ಕೇಳಿದರೆ ಶೀರ್ಷಿಕೆ ಯಾವುದು ಅಂತ ಕೇಳುತ್ತಾರೆ. ಶೀರ್ಷಿಕೆಯೇ ಇಲ್ಲ. ಅಲ್ಲಿಗೆ ಬರುತ್ತಿದ್ದ ಭದ್ರತಾ ಸಿಬ್ಬಂದಿ ಸರಾಸರಿ 40 ದಿನವೂ ಇರುತ್ತಿರಲಿಲ್ಲ. ಡೆಪ್ಯುಟೇಷನ್ ಮೇಲೆ ಬರುವುದು, ಊರು ಪರಿಚಯ ಆಗುವ ಹೊತ್ತಿಗೆ ಹೊರಡುವುದು. ನಮ್ಮಲ್ಲೂ ಪ್ರಭಾರ ಹುದ್ದೆ ಹತ್ತು ವರ್ಷ ನಡೆಯುತ್ತದೆ. ಯಾರಿಗೂ ಪೂರ್ತಿ ಅಧಿಕಾರ ಇಲ್ಲ, ಯಾರಿಗೂ ಪೂರ್ತಿ ಹೊಣೆಯೂ ಇಲ್ಲ. ನಮ್ಮಲ್ಲಿ ಕಡತ ಕಳೆದುಹೋಗುತ್ತದೆ, ಅಲ್ಲಿ ಜನ ಸತ್ತರು.

ಸೂಚನೆ ಸಿಕ್ಕಿರಲಿಲ್ಲ ಅನ್ನುವ ಹಾಗೂ ಇಲ್ಲ. 2012ರ ಜೂನ್ 6ರಂದು ಅದೇ ಕಾಂಪೌಂಡ್ ಗೋಡೆಗೆ ಬಾಂಬ್ ಇಟ್ಟಿದ್ದರು. ಐದು ದಿನಕ್ಕೆ ಬ್ರಿಟಿಷ್ ರಾಯಭಾರಿಯ ಕಾರುಗಳ ಮೇಲೆ ರಾಕೆಟ್ ದಾಳಿ. ಬ್ರಿಟಿಷರು ಬೆಂಗಾಜಿ ಕಚೇರಿ ಮುಚ್ಚಿ ಹೊರಟರು. ರೆಡ್ ಕ್ರಾಸ್ ಕೂಡ ಹೊರಟಿತು. ಅಮೆರಿಕದವರು ಉಳಿದರು. ಆದರೆ ಲಿಬಿಯಾದಲ್ಲಿದ್ದ 16 ಜನರ ಸೇನಾ ಭದ್ರತಾ ತಂಡ ಆಗಸ್ಟ್‌ನಲ್ಲಿ ವಾಪಸ್ ಹೋಯಿತು.

ಭದ್ರತೆ ನೋಡುತ್ತಿದ್ದ ಎರಿಕ್ ನಾರ್ಡ್‌ಸ್ಟ್ರಾಮ್ ಇನ್ನೂ ಜನ ಬೇಕು ಅಂತ ಕೇಳುತ್ತಲೇ ಇದ್ದರು. ವಾಷಿಂಗ್ಟನ್‌ನಲ್ಲಿ ಕೂತಿದ್ದ ಶಾರ್ಲೀನ್ ಲ್ಯಾಂಬ್ ಬೇಡ ಅನ್ನುತ್ತಿದ್ದರು. ಅಕ್ಟೋಬರ್ 10ರಂದು ಇಬ್ಬರೂ ಸಂಸತ್ ಸಮಿತಿ ಮುಂದೆ ಕೂತರು. ಲ್ಯಾಂಬ್ ಹೇಳಿದ್ದು, ಆ ದಿನ ಬೆಂಗಾಜಿಯಲ್ಲಿ ಸರಿಯಾದಷ್ಟೇ ಸಿಬ್ಬಂದಿ ಇತ್ತು ಅಂತ. ಇದ್ದದ್ದು ಐದು ಜನ ಭದ್ರತಾ ಅಧಿಕಾರಿಗಳು. ಜೊತೆಗೆ ಸ್ಥಳೀಯ ಸೇನಾ ಗುಂಪಿನ ಬೆರಳೆಣಿಕೆ ಹುಡುಗರು, ಗೇಟಿನಲ್ಲಿ ಆಯುಧ ಇಲ್ಲದ ಕಾವಲುಗಾರರು. ನಾರ್ಡ್‌ಸ್ಟ್ರಾಮ್ ಹೇಳಿದ ಮಾತು ನಾನು ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಕಷ್ಟ ಗುಂಡಿನ ಸದ್ದಿನದ್ದಲ್ಲ, ಬೆನ್ನಿಗೆ ನಿಲ್ಲಬೇಕಾದವರ ಜೊತೆಯೇ ಹೋರಾಡುವುದು ಕಷ್ಟ, ನನ್ನ ಪಾಲಿಗೆ ತಾಲಿಬಾನ್ ಇದ್ದದ್ದು ಕಟ್ಟಡದ ಒಳಗೆ ಅಂದರು.

ಇದು ಹೊರಬಂದದ್ದು ದಾಳಿಯಾಗಿ ಒಂದು ತಿಂಗಳಿಗೆ. ಮುಂದಿನ ನಾಲ್ಕು ವರ್ಷ ಇದರ ಬಗ್ಗೆ ಜಗಳ ಆಡಬಹುದಿತ್ತು.

ಕರಾವಳಿ ಗಾಳಿ:

ನಿವೃತ್ತ ಕಡತ ಸರ್, ಒಳ್ಳೆಯದು ಬರೆದಿರಿ. ನನ್ನದೊಂದು ಬೇರೆ ಮಾತು.

ನಮ್ಮ ಚಿಕ್ಕಪ್ಪ ಬೆಂಗಾಜಿಯಲ್ಲಿ ಕೆಲಸದಲ್ಲಿದ್ದರು. 2011ರಲ್ಲಿ ಯುದ್ಧ ಶುರುವಾದಾಗ ಸ್ಕೋಟಿಯಾ ಪ್ರಿನ್ಸ್ ಅನ್ನುವ ಹಡಗಿನಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾಕ್ಕೆ ಬಂದು, ಅಲ್ಲಿಂದ ವಿಮಾನದಲ್ಲಿ ಊರಿಗೆ ಬಂದರು. ನಮ್ಮ ಸರ್ಕಾರವೇ ಹಡಗು ಕಳಿಸಿತ್ತು. ಮನೆಯಲ್ಲಿ ಅಜ್ಜಿ ಹತ್ತು ದಿನ ಸರಿಯಾಗಿ ಊಟ ಮಾಡಿರಲಿಲ್ಲ ಮಾರಾಯ್ರೆ. 2015ರಲ್ಲಿ ಸಿರ್ತ್ ಹತ್ತಿರ ನಾಲ್ಕು ಭಾರತೀಯ ಉಪನ್ಯಾಸಕರನ್ನು ಎತ್ತಿಕೊಂಡು ಹೋದಾಗ ಇಬ್ಬರು ಕರ್ನಾಟಕದವರೇ ಇದ್ದರು. ಅವರು ಬೇಗ ಬಿಡುಗಡೆಯಾದರು, ಪುಣ್ಯ. ಹಾಗಾಗಿ ಲಿಬಿಯಾ ನಮಗೆ ಟಿವಿಯಲ್ಲಿ ಮಾತ್ರ ಬರುವ ದೇಶ ಅಲ್ಲ.

ಈ ಚರ್ಚೆಯಲ್ಲಿ ಬೆಂಗಾಜಿ ಜನ ಒಬ್ಬರೂ ಬರಲಿಲ್ಲ ನೋಡಿ. ಹೊಗೆ ತುಂಬಿದ ಕೋಣೆಯಿಂದ ಸ್ಟೀವನ್ಸ್ ಅವರನ್ನು ಎತ್ತಿಕೊಂಡು ಆಸ್ಪತ್ರೆಗೆ ಸೇರಿಸಿದ್ದು ಊರಿನವರೇ. ಉಸಿರಾಡುತ್ತಿದ್ದಾರೆ ಅಂತ ಖುಷಿಯಿಂದ ಕೂಗಿಕೊಂಡರಂತೆ. ವೈದ್ಯರು ಒಂದೂವರೆ ಗಂಟೆ ಪ್ರಯತ್ನಪಟ್ಟರು. ಹತ್ತು ದಿನ ಬಿಟ್ಟು, ಸೆಪ್ಟೆಂಬರ್ 21ರಂದು, ಸಾವಿರಾರು ಜನ ಬೀದಿಗೆ ಬಂದು ಅನ್ಸಾರ್ ಅಲ್ ಶರಿಯಾದ ನೆಲೆಗೆ ನುಗ್ಗಿ ಅವರನ್ನು ಓಡಿಸಿದರು. ಅವರ ಕೈಯಲ್ಲಿ ಸರ್ಕಾರವೂ ಇರಲಿಲ್ಲ, ಪೊಲೀಸರೂ ಇರಲಿಲ್ಲ. ಸ್ಟೀವನ್ಸ್ ಅರೇಬಿಕ್ ಮಾತಾಡುತ್ತಿದ್ದರು, ಅಂಗಡಿ ಬೀದಿಯಲ್ಲಿ ಓಡಾಡುತ್ತಿದ್ದರು. ಅದಕ್ಕೇ ಜನಕ್ಕೆ ಅಷ್ಟು ನೋವಾಯಿತು.

ಬಾಹ್ಯಾಕಾಶ ಬೈರ:

ಶಾನ್ ಸ್ಮಿತ್ ಬಗ್ಗೆ ಎಲ್ಲರೂ ಒಂದೇ ಸಾಲು ಬರೆದು ಮುಂದೆ ಹೋದಿರಿ. ನಾನು ಈವ್ ಆನ್‌ಲೈನ್ ಆಡುವವನು. ಸಾವಿರಾರು ಜನ ಒಟ್ಟಿಗೆ ಆಡುವ ಬಾಹ್ಯಾಕಾಶದ ಆಟ. ಅದರಲ್ಲಿ ಸ್ಮಿತ್ ಹೆಸರು "ವೈಲ್ ರ‍್ಯಾಟ್". ತಮಾಷೆ ಅಂದರೆ ಆಟದಲ್ಲೂ ಅವರದ್ದು ರಾಯಭಾರಿಯ ಕೆಲಸವೇ. ಬೇರೆ ಬೇರೆ ಗುಂಪುಗಳ ನಡುವೆ ಒಪ್ಪಂದ ಮಾಡಿಸುವುದು.

ಆ ದಿನ ಸ್ನೇಹಿತರ ಜೊತೆ ಚಾಟ್‌ನಲ್ಲಿದ್ದಾಗ ಅವರು ಬರೆದಿದ್ದರು, ಇವತ್ತು ರಾತ್ರಿ ನಾವು ಸಾಯದೇ ಇದ್ದರೆ ಸಿಗೋಣ ಅನ್ನುವ ಅರ್ಥದಲ್ಲಿ. ಕಾವಲು ಕಾಯುವ ಪೊಲೀಸರಲ್ಲೇ ಒಬ್ಬ ಕಾಂಪೌಂಡಿನ ಫೋಟೋ ತೆಗೆಯುತ್ತಿದ್ದುದನ್ನು ಕಂಡೆವು ಅಂತಲೂ ಬರೆದಿದ್ದರು. ಆಮೇಲೆ ಗುಂಡಿನ ಸದ್ದು ಅಂತ ಟೈಪ್ ಮಾಡಿದರು. ಮತ್ತೆ ಬರಲಿಲ್ಲ. ಆಟದೊಳಗೆ ನೂರಾರು ಆಟಗಾರರು ತಮ್ಮ ನಿಲ್ದಾಣಗಳಿಗೆ ಅವರ ಹೆಸರಿಟ್ಟರು.

ಐದು ಟಿವಿ ಕಾರ್ಯಕ್ರಮಕ್ಕಿಂತ ಆ ಚಾಟ್‌ನ ಎರಡು ಸಾಲು ನನಗೆ ಜಾಸ್ತಿ ಹೇಳುತ್ತದೆ.

ಗಾಂಧಿಬಜಾರ್ ಕಾಫಿ:

ಬೈರ ಅವರೇ, ಇದು ನನಗೆ ಗೊತ್ತೇ ಇರಲಿಲ್ಲ. ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ಭಾವ ಒಂದು ಮಾತು ಹೇಳಿದ್ದರು. ಸಹಾಯಕ್ಕೆ ಹೊರಟವರನ್ನು ಬೇಕಂತಲೇ ತಡೆದರು ಅಂತ. ಅದು ಹೌದಾ?

ಬೆಣ್ಣೆ ದೋಸೆ:

ಇಲ್ಲ ಅಂತ ಹೇಳಿದ್ದು ರಿಪಬ್ಲಿಕನ್ನರೇ. ಕೆಳಮನೆಯ ಗುಪ್ತಚರ ಸಮಿತಿ ಅವರ ಕೈಯಲ್ಲೇ ಇತ್ತು. ತಡೆಯುವ ಆದೇಶ ಯಾರೂ ಕೊಡಲಿಲ್ಲ ಅಂತ 2014ರ ನವೆಂಬರ್‌ನಲ್ಲಿ ವರದಿ ಕೊಟ್ಟರು.

ಪೊಟೊಮ್ಯಾಕ್ ದಂಡೆ:

ಅಷ್ಟು ಸಲೀಸಾಗಿ ಮುಗಿಸಬೇಡಿ. ಸಿಐಎ ನೆಲೆಯ ಕಾವಲು ತಂಡ ಹೊರಡಲು ಇಪ್ಪತ್ತು ನಿಮಿಷದ ಹತ್ತಿರ ಕಾಯಬೇಕಾಯಿತು. ಅಲ್ಲಿನ ಮುಖ್ಯಸ್ಥ ಸ್ಥಳೀಯ ಗುಂಪುಗಳ ನೆರವು ಕೇಳುತ್ತಿದ್ದ. ನಮ್ಮನ್ನು ನಿಲ್ಲಿಸಿದರು ಅಂತ ತಂಡದವರೇ ಕೆಲವರು ಹೇಳಿದ್ದಾರೆ. ಮುಖ್ಯಸ್ಥ ಇಲ್ಲ ಅಂದಿದ್ದಾನೆ. ಹೊಗೆಯಲ್ಲಿ ಇಪ್ಪತ್ತು ನಿಮಿಷ ಅಂದರೆ ಏನು ಅಂತ ಯೋಚಿಸಿ.

ಸೇನೆಯದ್ದು ಇನ್ನೂ ಸೊಗಸು. ಸ್ಪೇನ್‌ನ ರೋಟಾದಲ್ಲಿ ನೌಕಾ ಸೈನಿಕರ ತುಕಡಿ ಇತ್ತು. ಹೊರಡಿ ಅಂತ ರಕ್ಷಣಾ ಕಾರ್ಯದರ್ಶಿ ಹೇಳಿ ಆಗಿತ್ತು. ಸಮವಸ್ತ್ರ ಹಾಕಬೇಕಾ, ಸಾದಾ ಬಟ್ಟೆಯಾ ಅಂತ ಮೇಲಿನವರು ತೀರ್ಮಾನ ಬದಲಿಸುತ್ತಾ ಇದ್ದರು. ಆ ಹುಡುಗರು ನಾಲ್ಕು ಸಲ ಬಟ್ಟೆ ಬದಲಿಸಿದರು. ಬೆಂಗಾಜಿಯಲ್ಲಿ ಕೊನೆಯ ಮಾರ್ಟರ್ ಬಿದ್ದಾಗ ಒಂದು ತುಕಡಿಯೂ ದಾರಿಯಲ್ಲಿ ಇರಲಿಲ್ಲ. ಇದು ಬೆಂಗಾಜಿಗಾಗಿಯೇ ಕೆಳಮನೆ ಮಾಡಿದ ವಿಶೇಷ ಸಮಿತಿಯ ವರದಿಯಲ್ಲಿದೆ. ಆ ಸಮಿತಿ ಬರೀ ನಾಟಕ ಅನ್ನುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಿವೃತ್ತ ಕಡತ:

ನಾಲ್ಕು ಸಲ ಬಟ್ಟೆ ಬದಲಿಸಿದ್ದು! ಹೌದು ಸರ್, ಅದು ಸತ್ಯವಾದ ಕಚೇರಿ ಕೆಲಸ. ಅದನ್ನು ಹೊರಗೆ ತಂದದ್ದಕ್ಕೆ ಆ ಸಮಿತಿಗೆ ಒಂದು ನಮಸ್ಕಾರ.

ಆದರೆ ಸಮಿತಿಯ ಜಾತಕವನ್ನೂ ನೋಡಬೇಕಲ್ಲ. ಟ್ರೇ ಗೌಡಿ ಅಧ್ಯಕ್ಷತೆಯಲ್ಲಿ 2014ರ ಮೇನಲ್ಲಿ ಶುರು. (ಗೌಡಿ ಅಂದ ತಕ್ಷಣ ನಮ್ಮ ಕಡೆಯವರು ಅಂದುಕೊಳ್ಳಬೇಡಿ, ದಕ್ಷಿಣ ಕೆರೊಲಿನಾದವರು.) ವರದಿ ಬಂದದ್ದು 2016ರ ಜೂನ್‌ನಲ್ಲಿ. ನಿಕ್ಸನ್ ಕಾಲದ ವಾಟರ್‌ಗೇಟ್ ಹಗರಣದ ಸಮಿತಿಗಿಂತ ಜಾಸ್ತಿ ದಿನ. ಸುಮಾರು 70 ಲಕ್ಷ ಡಾಲರ್ ಖರ್ಚು. 800 ಪುಟ. 2015ರ ಅಕ್ಟೋಬರ್ 22ರಂದು ಕ್ಲಿಂಟನ್ ಅವರನ್ನು ಕೂರಿಸಿಕೊಂಡು ಸುಮಾರು 11 ಗಂಟೆ ವಿಚಾರಣೆ. ಅದಕ್ಕೆ ಮೂರು ವಾರ ಮುಂಚೆ ಗೌಡಿಯವರದ್ದೇ ರಿಪಬ್ಲಿಕನ್ ಪಕ್ಷದ ಕೆವಿನ್ ಮೆಕಾರ್ಥಿ ಟಿವಿಯಲ್ಲಿ ಬಾಯಿಬಿಟ್ಟರು. ಕ್ಲಿಂಟನ್ ಅವರನ್ನು ಸೋಲಿಸಲು ಆಗಲ್ಲ ಅಂತಿದ್ದಿರಿ, ನಾವು ಬೆಂಗಾಜಿ ಸಮಿತಿ ಮಾಡಿದೆವು, ಈಗ ಸಮೀಕ್ಷೆಯಲ್ಲಿ ಅವರ ಅಂಕಿ ಇಳಿಯುತ್ತಿದೆ ಅಂತ. ಮನಸ್ಸಿನಲ್ಲಿ ಇದ್ದದ್ದನ್ನು ಮೈಕ್ ಮುಂದೆ ಹೇಳಿದ್ದಕ್ಕೆ ಆಗ ಸ್ಪೀಕರ್ ಆಗುವ ಅವಕಾಶವೇ ಕೈತಪ್ಪಿತು.

ಇನ್ನೊಂದು ಕಡೆಯೂ ಸಾಚಾ ಅಲ್ಲ. ಇಲಾಖೆಯೇ ನೇಮಿಸಿದ ಪರಿಶೀಲನಾ ಮಂಡಳಿಗೆ ಥಾಮಸ್ ಪಿಕರಿಂಗ್ ಅಧ್ಯಕ್ಷರು. ಹಿಂದೆ ದೆಹಲಿಯಲ್ಲೂ ರಾಯಭಾರಿಯಾಗಿದ್ದವರು, ಒಳ್ಳೆಯ ಹೆಸರಿತ್ತು. ಭದ್ರತೆ ಏನೇನೂ ಸಾಲದಾಗಿತ್ತು ಅಂತ ನೇರವಾಗಿಯೇ ಬರೆದರು. ಆದರೆ ಇಲಾಖೆಯ ಮುಖ್ಯಸ್ಥೆ ಕ್ಲಿಂಟನ್ ಅವರನ್ನೇ ಮಂಡಳಿ ಪ್ರಶ್ನಿಸಲಿಲ್ಲ. ನಾಲ್ಕು ಅಧಿಕಾರಿಗಳನ್ನು ರಜೆ ಮೇಲೆ ಕಳಿಸಿದರು. 2013ರ ಆಗಸ್ಟ್‌ನಲ್ಲಿ ಬೇರೆ ಕೆಲಸ ಕೊಟ್ಟು ವಾಪಸ್ ಕರೆದರು. ಯಾರನ್ನೂ ವಜಾ ಮಾಡಲಿಲ್ಲ. ನನಗೆ ಆಶ್ಚರ್ಯ ಆಗಲಿಲ್ಲ.

ಹಳೇ ಬಸ್‌ಸ್ಟ್ಯಾಂಡ್:

ಹಾಗಾದರೆ ಶಿಕ್ಷೆ ಆದದ್ದು ಯಾರಿಗೆ?

ಬೆಣ್ಣೆ ದೋಸೆ:

ಓದಲ್ಲ ಅಂದವರು ಪೂರ್ತಿ ಓದಿದ್ದೀರಿ, ಸಂತೋಷ.

ಅಹ್ಮದ್ ಅಬು ಖತಲ್ಲಾ ಅನ್ನುವವನನ್ನು 2014ರಲ್ಲಿ ಲಿಬಿಯಾದಿಂದ ಹಿಡಿದು ತಂದರು. 18 ಆರೋಪದಲ್ಲಿ ನಾಲ್ಕು ಸಾಬೀತಾದವು. ಕೊಲೆ ಆರೋಪ ನಿಲ್ಲಲಿಲ್ಲ. 2018ರಲ್ಲಿ 22 ವರ್ಷ ಶಿಕ್ಷೆ. ಮುಸ್ತಫಾ ಅಲ್ ಇಮಾಮ್ ಅನ್ನುವ ಇನ್ನೊಬ್ಬನಿಗೆ 2020ರಲ್ಲಿ 19 ವರ್ಷದ ಮೇಲೆ. ಈ ಸುದ್ದಿ ಬಂದಾಗ ಟಿವಿಯವರು ಯಾರೂ ಬೆಂಗಾಜಿ ಬೆಂಗಾಜಿ ಅಂತ ಕೂಗಲಿಲ್ಲ. ಚುನಾವಣೆ ಮುಗಿದಿತ್ತಲ್ವಾ.

ಸುಸಾನ್ ರೈಸ್‌ಗೆ ಬೇರೆ ತರಹದ ಶಿಕ್ಷೆ. ಮುಂದಿನ ವಿದೇಶಾಂಗ ಕಾರ್ಯದರ್ಶಿ ಅವರೇ ಅಂತಿತ್ತು. 2012ರ ಡಿಸೆಂಬರ್‌ನಲ್ಲಿ ಹಿಂದೆ ಸರಿದರು. ಯಾರೋ ಬರೆದ ಟಿಪ್ಪಣಿ ಓದಿದ್ದಕ್ಕೆ.

ಕೊಡಗಿನ ಕಿತ್ತಳೆ:

ತಡವಾಗಿ ಬಂದೆ. ನಮ್ಮ ಮನೆಯಲ್ಲಿ ಸೈನ್ಯದವರು ಇದ್ದಾರೆ, ಹಾಗಾಗಿ ನನಗೆ ಇದನ್ನೆಲ್ಲಾ ಓದುವಾಗ ಕಾಬೂಲ್ ನೆನಪಾಗುತ್ತದೆ.

2008ರ ಜುಲೈ 7, ನಮ್ಮ ರಾಯಭಾರ ಕಚೇರಿಯ ಗೇಟಿನಲ್ಲಿ ಕಾರ್ ಬಾಂಬ್. 58 ಜನ ಸತ್ತರು. ಜಾಸ್ತಿ ಆಫ್ಘನ್ನರೇ, ವೀಸಾಕ್ಕೆ ಸಾಲಿನಲ್ಲಿ ನಿಂತವರೂ ಇದ್ದರು. ನಮ್ಮವರಲ್ಲಿ ಬ್ರಿಗೇಡಿಯರ್ ರವಿ ದತ್ ಮೆಹ್ತಾ, ರಾಜತಾಂತ್ರಿಕ ವೆಂಕಟೇಶ್ವರ ರಾವ್, ಇಬ್ಬರು ಐಟಿಬಿಪಿ ಜವಾನರು. ಮಾರನೇ ದಿನವೇ ಅಣು ಒಪ್ಪಂದದ ವಿಷಯಕ್ಕೆ ಎಡಪಕ್ಷಗಳು ಸರ್ಕಾರಕ್ಕೆ ಕೊಟ್ಟ ಬೆಂಬಲ ವಾಪಸ್ ಅಂದವು. 22ಕ್ಕೆ ವಿಶ್ವಾಸಮತ. ಸದನದಲ್ಲಿ ನೋಟಿನ ಕಂತೆ ತೋರಿಸಿದ್ದು ಎಲ್ಲರಿಗೂ ನೆನಪಿದೆ. ಅದೇ ತಿಂಗಳ ಕಾಬೂಲ್ ಎಷ್ಟು ಜನಕ್ಕೆ ನೆನಪಿದೆ?

ಅಲ್ಲಿ ಜಾಸ್ತಿ ಜಗಳ, ಇಲ್ಲಿ ಜಗಳವೇ ಇಲ್ಲ. ಯಾವುದು ವಾಸಿ ಅಂತ ನನಗೆ ಹೇಳಲು ಬರುವುದಿಲ್ಲ. ಒಂದು ಮಾತ್ರ ಗೊತ್ತು. ಕಾಬೂಲ್ ಕಚೇರಿ ಸುತ್ತ ಮರಳು ತುಂಬಿದ ತಡೆಗೋಡೆ ಹಾಕಿಸಿದ್ದರು. ಅದಕ್ಕೇ ಒಳಗಿನ ಕಟ್ಟಡ ಉಳಿಯಿತು, ಜನ ಉಳಿದರು. 2009ರ ಅಕ್ಟೋಬರ್‌ನಲ್ಲಿ ಮತ್ತೆ ಬಾಂಬ್ ಇಟ್ಟಾಗ ಹೊರಗೆ 17 ಜನ ಸತ್ತರು, ಒಳಗಿನವರು ಬದುಕಿದರು. ಆ ಮರಳಿಗೆ ಮಂಜೂರಾತಿ ಕೊಟ್ಟ ಕಡತ ಯಾವುದೋ, ಸಹಿ ಯಾರದ್ದೋ.

ನಿವೃತ್ತ ಕಡತ:

ಆ ಸಹಿ ಹಾಕಿದವರನ್ನು ಖಂಡಿತ ಯಾರಾದರೂ ಆಡಿಟ್‌ನಲ್ಲಿ ಇಷ್ಟೊಂದು ಮರಳು ಯಾಕೆ ಅಂತ ಕೇಳಿರುತ್ತಾರೆ.

ಗಾಂಧಿಬಜಾರ್ ಕಾಫಿ:

ಎಲ್ಲರಿಗೂ ಧನ್ಯವಾದ. ಈ ಚರ್ಚೆಯ ಲಿಂಕ್ ನಿನ್ನೆ ರಾತ್ರಿ ಭಾವನಿಗೆ ಕಳಿಸಿದ್ದೆ. ಪೂರ್ತಿ ಓದಿದೆ ಅಂದರು. ಪೊಟೊಮ್ಯಾಕ್ ಅವರ ಮಾತು ಮಾತ್ರ ಸರಿ, ಉಳಿದವರೆಲ್ಲಾ ಒಂದೇ ಕಡೆಯವರು ಅಂತ ಅಕ್ಕನ ಹತ್ತಿರ ಹೇಳಿದರಂತೆ. ಬೆಳಗ್ಗೆ ನನಗೆ ಮೆಸೇಜ್ ಬಂತು. ಮತ್ತೆ ಒಂದೇ ಪದ: "ಇಮೇಲ್?"

ಕ್ಲಿಂಟನ್ ಮನೆಯಲ್ಲೇ ಸರ್ವರ್ ಇಟ್ಟುಕೊಂಡ ವಿಷಯ ಹೊರಬಂದದ್ದೂ ಈ ಸಮಿತಿ ಕಾಗದ ಕೇಳಿದ್ದರಿಂದಲೇ ಅಲ್ವಾ? ಅದಕ್ಕೆ ಬೇರೆ ಎಳೆ ಶುರು ಮಾಡಲಾ, ಇಲ್ಲೇ ಮುಂದುವರಿಸೋಣವಾ?